ಭಾನುವಾರದ ಕುದುರು

ಕ್ಯೂರಿಂಗ್ ವರ್ಕ್ಸಿನ ಉದ್ದ ಮೇಜಿಗೆ
ಎದುರುಬದುರು ಕೂತು ಹನ್ನೊಂದು ವರ್ಷ
ಕರಿಬೀಜ, ತೂತುಬೀಜ, ಒಡಕುಬೀಜ ಆರಿಸಿದ್ದೇವೆ.
ಒಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ.

ಆಸ್ಯಮ್ಮ ತಂದು ತೂಗುಹಾಕಿದ ಕ್ಯಾಲೆಂಡರಿನಲ್ಲಿ
ಮಾರ್ಚಿಗೊಂದು ದ್ವೀಪ:
ನೀಲಿ ನೀರು, ಬಾಗಿದ ತೆಂಗು, ದೂರಕ್ಕೊಂದು ಗೋಪುರ.
"ಇಲ್ಲಿಗೇ ಹೋಗುವ" ಅಂದಳು ಪೂವಕ್ಕ,
ಸಂತೆಗೆ ಹೋಗುವ ಅಂದಷ್ಟೇ ಸಲೀಸಾಗಿ.
ಚೀಟಿ ಹಾಕಿದೆವು, ವಾರಕ್ಕೆ ಐವತ್ತು.
ಒಮ್ಮೆ ಪೂವಕ್ಕನ ಮಗಳ ಹೆರಿಗೆಗೆ ಹೋಯಿತು,
ಇನ್ನೊಮ್ಮೆ ನನ್ನ ದವಡೆ ಹಲ್ಲಿಗೆ.
ಉಳಿದದ್ದಕ್ಕೆ ದಕ್ಕಿದ್ದು
ಕುಶಾಲನಗರದಿಂದ ವಾಲ್ನೂರಿನ ಬಸ್ಸು,
ಅಲ್ಲಿಂದೊಂದು ಹರಿಗೋಲು.

ಬೇಸಿಗೆಗೆ ಕಾವೇರಿ ಸೊರಗಿದಾಗ
ನಡುವೆ ಕುದುರೊಂದು ಬೆನ್ನು ತೋರಿಸುತ್ತದೆ,
ನೀರಲ್ಲಿ ಎಮ್ಮೆ ಮಲಗಿದ ಹಾಗೆ.
"ಗಂಡಸರು ಯಾರೂ ಇಲ್ವಾ?" ಕೇಳಿದ ಹರಿಗೋಲಿನ ಹುಡುಗ.
"ನೀನಿದ್ದೀಯಲ್ಲ" ಅಂದಳು ಪೂವಕ್ಕ.
ಮೀಸೆ ಮೂಡದ ಅವನು ನಾಚಿ
ಒಂದು ಸುತ್ತು ಹೆಚ್ಚೇ ತಿರುಗಿಸಿಬಿಟ್ಟ.

ವಾರದ ಹಿಂದೆ ಹೂಮಳೆ ಬಿದ್ದಿತ್ತು.
ಎರಡೂ ದಡದ ತೋಟ ಬೆಳ್ಳಗೆ, ತಲೆ ಸುತ್ತುವ ಘಮ.
ನಮಗೆ ಕಾಫಿ ಅಂದರೆ ಗೋಣಿ, ಧೂಳು, ಕೆಮ್ಮು;
ಕರೆಯದ ಮದುವೆಯ ಚಪ್ಪರದ ಕೆಳಗೆ
ದಾಟಿ ಹೋದ ಹಾಗಾಯಿತು.

ದೇವಸ್ಥಾನ ಅಂದರೆ ಮೂರು ಕಲ್ಲು, ಒಂದು ನೇರಳೆ ಮರ,
ಸುತ್ತ ಹರಕೆಯ ಮಣ್ಣಿನ ನಾಯಿಗಳು.
ಕೆಲವಕ್ಕೆ ಕಿವಿಯಿಲ್ಲ,
ಒಂದರ ಬಾಯೊಳಗೆ ಕಣಜದ ಗೂಡು.
"ಹೆಂಗಸರು ಆ ಕಲ್ಲು ದಾಟಬಾರದು" ಅಂದ ಹುಡುಗ,
ತನ್ನದಲ್ಲದ ಯಾವುದೋ ಅಜ್ಜನ ದನಿಯಲ್ಲಿ.
ಆಸ್ಯಮ್ಮನಿಗೆ ನಗು: "ಇವತ್ತು ನಾಲ್ವರೂ ಒಂದೇ ಜಾತಿ."
ಮೂವರು ಹೊರಗಿಂದಲೇ ಕೈ ಮುಗಿದೆವು,
ಅವಳು ಚಪ್ಪಲಿ ಕಾದಳು.
ಹಳೆಯ ನೆರೆಗೆ ಉರುಳಿದ ನಾಯಿಯೊಂದು
ಕಲ್ಲಿನ ಈಚೆ, ನಮ್ಮ ಕಡೆಗೇ ಬಿದ್ದಿತ್ತು.
ಮೂತಿಯ ಮರಳನ್ನು ಸೆರಗಲ್ಲಿ ಒರೆಸಿ
ಅವಳೇ ಎತ್ತಿ ನಿಲ್ಲಿಸಿದಳು.

ಬೀಚು ಅಂದರೆ ಹತ್ತು ಮಾರು ಮರಳು.
ಪತ್ತಿರಿ, ಮೀನು, ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ.
ತಿಂದು ಕೈ ತೊಳೆದು ಹರಟುತ್ತ ಕೂತವರು
ಸ್ವಲ್ಪ ಹೊತ್ತಿಗೆ ನೋಡಿದರೆ
ಕಪ್ಪು ಹರಳು ಒಂದು ಗುಡ್ಡೆ, ಬಿಳಿಯದು ಒಂದು ಗುಡ್ಡೆ.
ಯಾರೂ ಹೇಳಿರಲಿಲ್ಲ. ಬೆರಳಿಗೆ ರಜೆ ಗೊತ್ತಿಲ್ಲ.

ಪಾಕ್ಯ ಮಾತ್ರ ನೀರಿಗೆ ಕಾಲಿಟ್ಟು ಸುಮ್ಮನಿದ್ದಳು.
"ನಿನ್ನೂರೇ ದ್ವೀಪ ಅಲ್ವೇನೇ, ಸಿಲೋನು?
ಅಲ್ಲಿ ಬೀಚು ಹೇಗೆ?"
"ನಾನು ನೋಡಿಲ್ಲ" ಅಂದಳು.
"ಗುಡ್ಡದ ಮೇಲೆ ಲೈನುಮನೆ. ಚಹಾ ಗಿಡ, ಮಂಜು,
ಜಿಗಣೆ ಕೂಡ ಇಲ್ಲಿಯ ಹಾಗೇ.
ಏಳು ವರ್ಷಕ್ಕೆ ರೈಲು ಹತ್ತಿಸಿದರು, ರೈಲಿಂದ ಹಡಗು.
ವಾಂತಿ ಬರುತ್ತದೆಂದು ಅಮ್ಮ
ಸೆರಗಿಂದ ನನ್ನ ಕಣ್ಣು ಮುಚ್ಚಿದ್ದಳು.
ತೆಗೆದಾಗ ಈ ಕಡೆ.
ನಾವಿದ್ದದ್ದು ದ್ವೀಪ ಅಂತ ತಿಳಿದದ್ದೇ
ಇಲ್ಲಿಯ ಶಾಲೆಯ ಭೂಪಟದಲ್ಲಿ.
ಟೀಚರು ಅದರ ಮೇಲೆ ಕೋಲಿಟ್ಟು
ಮುಂದೆ ಹೋದರು."

ನಾವು ಏನೂ ಅನ್ನಲಿಲ್ಲ.
ಪೂವಕ್ಕ ಫ್ಲಾಸ್ಕಿನ ಕೊನೆಯ ಚಹಾ ಅವಳಿಗೇ ಬಗ್ಗಿಸಿದಳು.
ಕುಡಿದು, ನೆರಿಗೆ ಸಿಕ್ಕಿಸಿ, ಎದ್ದು,
ನೀರಂಚಿಗೇ ನಡೆಯತೊಡಗಿದಳು ಪಾಕ್ಯ.
ನೇರಳೆಯ ಹಿಂದೆ ಮರೆಯಾದಳು,
ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಬದಿಯಿಂದ ಬಂದಳು.
"ಇನ್ನೂರ ಹದಿನಾರು ಹೆಜ್ಜೆ. ಸುತ್ತಲೂ ನೀರು!"
ಅದನ್ನು ತಾನೇ ಕಂಡುಹಿಡಿದವಳ ಹಾಗೆ.

ಮರಳುವಾಗ ಹುಡುಗ ಹೇಳಿದ,
"ಜೂನಿಗೆ ಇದು ಇರೋದಿಲ್ಲ, ಮುಳುಗ್ತದೆ.
ಮುಂದಿನ ಬೇಸಿಗೆಗೆ ಎಲ್ಲಿ ಏಳ್ತದೋ."
ಆಸ್ಯಮ್ಮ ಬೆರಳೆಣಿಸಿ ಲೆಕ್ಕ ಹಾಕುತ್ತಿದ್ದಳು,
ಬಸ್ಸಿಗೆಷ್ಟು, ರೈಲಿಗೆಷ್ಟು, ಹಡಗಿಗೆಷ್ಟು.
ಪಾಕ್ಯ ರವಿಕೆಯೊಳಗಿಂದ ಐವತ್ತು ತೆಗೆದು ಕೊಟ್ಟಳು,
ಒದ್ದೆ ನೋಟು.
ದಡ ಮುಟ್ಟುವ ತನಕ
ಆಸ್ಯಮ್ಮ ಅದನ್ನು ಬಿಸಿಲಿಗೆ ಹಿಡಿದೇ ಇದ್ದಳು.