ಕುರಿಮರಿಯಷ್ಟು

ನರಿನ್ ಸಂತೆಯಲ್ಲಿ ಉಣ್ಣೆ ತೂಗುವ ಕೊಕ್ಕೆತಕ್ಕಡಿಗೆ
ನನ್ನ ಕ್ಯಾಮೆರಾ ಚೀಲ ಸಿಕ್ಕಿಸಿ ಎರ್ಮೆಕ್ ಹುಬ್ಬೇರಿಸಿದ:
"ಒಂದು ಕುರಿಮರಿ ಆಯಿತಲ್ಲ ಅಕ್ಕ!
ಘಟ್ಟ ಹತ್ತುವುದು ನೀನಲ್ಲ, ನನ್ನ ಕುದುರೆ."

ಇಳಿಸಿದೆ.
ಮೊದಲು ಇನ್ನೂರರ ಉದ್ದ ಲೆನ್ಸು:
ದೂರದ ಹಿಮ ದೂರದಲ್ಲೇ ಇರಲಿ.
ಐವತ್ತರದನ್ನು ಎತ್ತಿ, ಇಟ್ಟು, ಮತ್ತೆ ಎತ್ತಿ
ಕೋಟಿನ ಜೇಬಿಗೆ ಹಾಕಿಕೊಂಡೆ.
ಜೇಬನ್ನು ಯಾರೂ ತೂಗಲಿಲ್ಲ.
ಉಳಿದದ್ದು ಅಗಲಗಣ್ಣಿನ ಇಪ್ಪತ್ತು,
ಮತ್ತೆ ಮುಕ್ಕಾಲಿ.

ಕಾರ್ಬನ್ನಿನದು ಹಗುರ; ಬೆಲೆಗೆ ಎರಡು ಹಸು.
ಅಲ್ಯುಮಿನಿಯಮ್ಮಿನದು ಅಗ್ಗ; ಚಳಿಗೆ ಬೆರಳು ಕಚ್ಚುತ್ತದೆ.
ಕಚ್ಚುವುದನ್ನೇ ಕೊಂಡೆ.
ಅದರ ಕಾಲುಗಳಿಗೆ ಬುಬುಸಾರಾ ಅಜ್ಜಿ
ಹಳೇ ಕಂಬಳಿ ಸುತ್ತಿ ಹೊಲಿದಳು,
ಕುಂಟುವ ಕುದುರೆಗೆ ಸುತ್ತುವ ಹಾಗೆ.

ಸೊಂಗ್-ಕುಲ್ ಸರೋವರದ ದಂಡೆ. ಬೆಳಗಿನ ನಾಲ್ಕೂವರೆ.
ಗಾಳಿ ಡೇರೆಯ ಹಗ್ಗ ಕೀಳುತ್ತಿದೆ.
ಮುಕ್ಕಾಲಿ ಗಡಗಡ ನಡುಗುತ್ತಿದೆ,
ತೂಕ ಸಾಲದು!
ಎರ್ಮೆಕ್ ನನ್ನ ಮುಖ ನೋಡಲಿಲ್ಲ.
ಖಾಲಿ ಚೀಲಕ್ಕೆ ದಂಡೆಯ ಕಲ್ಲು ತುಂಬಿ
ಮುಕ್ಕಾಲಿಯ ನಡುಕೊಕ್ಕೆಗೆ ನೇತುಹಾಕಿದ,
ಸರಿಯಾಗಿ
ಒಂದು ಕುರಿಮರಿಯಷ್ಟು.

ಮೂವತ್ತು ಸೆಕೆಂಡು ಇಬ್ಬರೂ ಉಸಿರು ಹಿಡಿದೆವು.
ಬೆಟ್ಟ ನಿಂತಿತು, ನೀರು ಹಾಲಾಯಿತು.
ಕುದುರೆಗೆ ಮಾತ್ರ ಹೇಳಲು ಮರೆತಿದ್ದೆವು;
ಚಿತ್ರದ ಎಡಮೂಲೆಯಲ್ಲಿ
ಅದರ ಬಾಲ, ಹೊಗೆ.