ಅಫಿಡವಿಟ್ ಮಾಡಿಸಲು ಹೋದ ದಿನ

ಬಿ.ಎಡ್. ವಿಭಾಗದ ಮಾನ್ಯತೆಯ ಕಡತ
ನನ್ನ ಮೊಮ್ಮಗಳಿಗಿಂತ ಭಾರ.
ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರ್ ಕೇಳಿದ:
ಪಾಷಾ ಸರ, ಇದಕ್ಕೂ ಒಂದು ಟಿಕೀಟ ಹರೀಲೇನ್ರಿ?

ಒಳಗೆ ಜಮೀನಿನ ಪಹಣಿ, ಕಟ್ಟಡದ ನಕಾಶೆ,
ಅಗ್ನಿಶಾಮಕದವರ ಪತ್ರ, ಅವಧಿ ಮುಗಿದು ಹನ್ನೊಂದು ದಿನ.
ರ‍್ಯಾಂಪಿನ ಫೋಟೋ, ಮೂಲೆಯಲ್ಲಿ ಅಕ್ಷಾಂಶ ರೇಖಾಂಶ,
ನಡುವೆ ಮೈಚಾಚಿ ಮಲಗಿದ ಒಂದು ನಾಯಿ.
ಸದ್ಯಕ್ಕೆ ಅದನ್ನು ಬಳಸುವುದು ಅದೊಂದೇ.
ಮುನ್ನೂರ ಎಪ್ಪತ್ತೊಂದು ಜೆ ರೋಸ್ಟರು.
ಬೆರಳಚ್ಚಿನ ಹಾಜರಿ, ಅದರಲ್ಲಿ ಅಲ್ಲಲ್ಲಿ ತೂತು:
ಹತ್ತಿ ಬಿಡಿಸಿ ಬಂದ ಹುಡುಗಿಯರ ಬೆರಳನ್ನು
ಯಂತ್ರ ಗುರುತು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಮೇಲೆ ಛಾಪಾ ಕಾಗದ:
ನಾನು, ಮಹಿಬೂಬ್ ಪಾಷಾ ಬಿನ್ ಖಾಸಿಂಸಾಬ,
ವಯಸ್ಸು ಐವತ್ತೊಂಬತ್ತು, ಪ್ರಭಾರ ಮುಖ್ಯಸ್ಥ,
ಪ್ರಮಾಣ ಮಾಡಿ ಹೇಳುವುದೇನೆಂದರೆ
ವಿಭಾಗದಲ್ಲಿ ಪೂರ್ಣಾವಧಿ ಬೋಧಕರು ಹದಿನಾರು.

ಖಾಯಂ ಏಳು. ಉಳಿದವರು ಅತಿಥಿಗಳು,
ಊಟಕ್ಕೆ ಕೂರಿಸದೆ ಮಾರ್ಚಿಗೆ ಕಳಿಸಿಬಿಡುವ ಅತಿಥಿಗಳು.
ಅವರಲ್ಲೊಬ್ಬ ಹೋದ ದಸರೆಗೇ ಪೊಲೀಸ್ ಕೆಲಸಕ್ಕೆ ಸೇರಿದ,
ಪಟ್ಟಿಯಲ್ಲಿ ಇನ್ನೂ ಮನಃಶಾಸ್ತ್ರ ಹೇಳುತ್ತಿದ್ದಾನೆ.

ಕೋರ್ಟಿನ ಬೇವಿನ ಕೆಳಗೆ ಗುಂಡೇರಾವ್ ವಕೀಲರ ಟೇಬಲ್ಲು.
ಅವರು ಓದುವುದಿಲ್ಲ, ಸೀಲು ಒತ್ತುತ್ತಾರೆ.
ಇವತ್ತು ಚಹಾಕ್ಕೆ ಹೋಗಿದ್ದರು.
ಟೈಪು ಮಾಡುವ ಹುಡುಗಿ ಕಾಗದ ತಗೊಂಡು
ಮೊದಲ ಸಾಲಿನಿಂದ ಓದತೊಡಗಿದಳು.

ಸರ, ನಾನ್ ತಾಯಮ್ಮ. ಐದ್ ವರ್ಷದ ಹಿಂದಿನ ಬ್ಯಾಚು.
ಹದಿನಾರು ಮಂದಿ ಅದಾರೇನ್ರಿ ಈಗ?

ನಾನು ಬೇವಿನ ಮರ ನೋಡಿದೆ.

ನಂದು ಇಪ್ಪತ್ತು ಪ್ರಾಕ್ಟೀಸ್ ಪಾಠ ಆದ್ವು ಸರ, ಮಾನ್ವಿ ಸಾಲ್ಯಾಗ.
ಹಿಂದಿನ ಬೆಂಚಿನ್ಯಾಗ ಕುಂತು ನೋಡಾಕ ಯಾರೂ ಬರಲಿಲ್ಲ.
ಭಿನ್ನರಾಶಿ ತಪ್ಪ ಹೇಳಿದ್ದೆ. ಮನಿಗೆ ಹೋದಮ್ಯಾಲ ಗೊತ್ತಾತು.
ಅಷ್ಟರಾಗ ಹುಡುಗರು ಬರಕೊಂಡಿದ್ರು.

ಸಿಟ್ಟಿರಲಿಲ್ಲ ದನಿಯಲ್ಲಿ. ಅಕ್ಷರ ತಪ್ಪು ಹುಡುಕುವವರ ದನಿ.
ಅವಳ ಪಾಠದ ವಹಿ ನನಗೆ ನೆನಪಿಲ್ಲ,
ಹಸಿರು ಶಾಯಿ ನೆನಪಿದೆ. ಒಂದೇ ಮಧ್ಯಾಹ್ನ
ನಲವತ್ತು ವಹಿಗಳಿಗೆ, ಫ್ಯಾನಿನ ಕೆಳಗೆ,
‘ಪಾಠ ಚೆನ್ನಾಗಿದೆ’ ಎಂದು ಬರೆದವನು ನಾನೇ.

ನಿಯಮ ಮಾಡಿದವರನ್ನು ನಾವು ಸ್ಟಾಫ್ ರೂಮಿನಲ್ಲಿ ಬೈಯುತ್ತೇವೆ:
ದಿಲ್ಲಿಯ ಎ.ಸಿ.ಯಲ್ಲಿ ಕೂತವರಿಗೆ ರಾಯಚೂರಿನ ಬಿಸಿಲೇನು ಗೊತ್ತು.
ಹದಿನಾರು ಅನ್ನುವ ಅಂಕಿಯ ಒಳಗೆ
ಹಿಂದಿನ ಬೆಂಚೊಂದು ಖಾಲಿ ಇದೆ ಅಂತ
ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ.

ಹೊಸ ಛಾಪಾ ಕಾಗದ ತರಿಸಿದೆ. ನೂರು ರೂಪಾಯಿ, ನನ್ನ ಜೇಬಿನದು.
ಲೆಕ್ಕಪತ್ರ ಶಾಖೆಯವರನ್ನು ಕೇಳುವಂತಿಲ್ಲ,
ಖರೆ ಹೇಳಿದ ಖರ್ಚಿಗೆ ಅವರಲ್ಲಿ ಶೀರ್ಷಿಕೆ ಇಲ್ಲ.
ತಾಯಮ್ಮ ಟೈಪು ಮಾಡಿದಳು:
ಅಂಕಿಯಲ್ಲಿ ೭, ಅಕ್ಷರದಲ್ಲಿ ಏಳು.
ಗುಂಡೇರಾವ್ ಬಂದರು, ಬಾಯಿ ಒರೆಸಿಕೊಂಡರು, ಒತ್ತಿದರು.
ಹದಿನಾರಿಗೆ ಒತ್ತುತ್ತಿದ್ದ ಅದೇ ಸೀಲು.

ನಾಳೆ ಕುಲಸಚಿವರು ಕರೆಸುತ್ತಾರೆ.
ಕಾರಣ ಕೇಳಿ ನೋಟಿಸು ಬರಬಹುದು, ಪ್ರವೇಶ ಅರ್ಧಕ್ಕಿಳಿಯಬಹುದು,
ಆಗ ಹತ್ತಿ ಬಿಡಿಸುವ ಆ ಹುಡುಗಿಯರು ಎಲ್ಲಿಗೆ ಹೋಗಬೇಕು
ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ವಾಪಸು ಬಸ್ಸಿನಲ್ಲಿ ತೂಕಡಿಸಿದೆ. ಮಾನ್ವಿಯ ಯಾವುದೋ ಹುಡುಗ
ಮೂರರಲ್ಲಿ ಒಂದಕ್ಕೆ ಎರಡರಲ್ಲಿ ಒಂದು ಕೂಡಿಸಿ
ಐದರಲ್ಲಿ ಎರಡು ಎನ್ನುತ್ತಿದ್ದ, ಬಹಳ ನಂಬಿಕೆಯಿಂದ.
ಭುಜ ಅಲುಗಿಸಿ ಕಂಡಕ್ಟರ್ ಅಂದ:
ಏಳ್ರಿ ಸರ, ಯುನಿವರ್ಸಿಟಿ ಬಂತು.