ಐವತ್ತಕ್ಕೆ ಒಂದು

ದಾವಣಗೆರೆ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ
ನನ್ನದು ರಬ್ಬರ್ ಸ್ಟಾಂಪಿನ ಅಂಗಡಿ. ಓಣಿಗೆಲ್ಲ ನಾನು ಸೀಲಕ್ಕ.
ಅಪ್ಪ ಬಿಟ್ಟುಹೋದ ಕೈಪ್ರೆಸ್ಸು,
ಅಚ್ಚುಮೊಳೆ ತುಂಬಿದ ಎಂಟು ಖಾನೆ,
ಗೋಡೆಗೆ ಮೆತ್ತಿಕೊಂಡ ಗಂಧಕದ ವಾಸನೆ.
ಈಗಿನ ಸೀಲುಗಳು ಶಾಯಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟುತ್ತವೆ,
ಕಂಪ್ಯೂಟರಿನವ ಹತ್ತು ನಿಮಿಷಕ್ಕೆ ಕೊಡುತ್ತಾನೆ.
ನನ್ನ ಬಳಿ ಬರುವವರು ಹಳೆಯ ವಕೀಲರು,
ಸೊಸೈಟಿ ಕಾರ್ಯದರ್ಶಿಗಳು,
ಮತ್ತೆ, ಆ ಬೇಸಿಗೆ, ಓಬಳೇಶಪ್ಪ.

ಗೋಣಿಚೀಲದಿಂದ ಒಂದೇ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು:
ಒಂದೂವರೆ ಮೊಳದ ದೋಣಿ,
ಗಿಡ್ಡ, ಗುಂಡು, ಪೈಲ್ವಾನನ ಎದೆ.
"ಟಗ್ಗು ಅಂತಾರ್ರಿ ಇದಕ್ಕ. ಐವತ್ತಕ್ಕೆ ಒಂದು ಅಳತಿ.
ಮಂಗಳೂರು ಬಂದರಿನಾಗ ಇಪ್ಪತ್ತೆರಡು ವರ್ಷ
ಇದರ ಹೊಟ್ಟಿಯೊಳಗ ಗ್ರೀಸ್ ಹಚ್ಚೀನಿ.
ಎಲ್ಲಾ ಆತು. ಮೂತಿಗೆ ರಬ್ಬರ್ ಆಗಬೇಕು."

ಕಡಲು ನಾನು ನೋಡಿದವಳಲ್ಲ.
"ಅಂದಕ್ಕೇನು, ಕರಿ ಬಣ್ಣ ಬಳಿದರಾಯಿತಲ್ಲ?" ಅಂದೆ.
ಅವರು ದೋಣಿಯ ಮೂತಿಯನ್ನು
ನನ್ನ ಪ್ರೆಸ್ಸಿನ ಕಬ್ಬಿಣಕ್ಕೆ ಒತ್ತಿ ಹಿಡಿದರು.
"ಹಡಗು ಬಂದಾಗ ಹಿಂಗ ಮೂತಿ ಊರಿ ನೂಕಬೇಕು.
ಆ ಕಬ್ಬಿಣಕ್ಕೂ ಈ ಕಬ್ಬಿಣಕ್ಕೂ ನಡುವೆ ಇರೋದು ಇದೊಂದೇ.
ಮಣೀಬೇಕ್ರಿ. ಮಣಿದು ಮತ್ತೆ ಏಳಬೇಕು."
ಎಡಗೈ ಅಷ್ಟು ಹೊತ್ತೂ ಜೇಬಿನಲ್ಲೇ ಇತ್ತು.

ಪಟ್ಟಿಯನ್ನು ಅಡ್ಡ ಕೊಯ್ದು ನೋಡಿದರೆ
ಇಂಗ್ಲಿಷಿನ ಡಿ ಅಕ್ಷರ ಕಾಣಬೇಕಂತೆ.
ಅಕ್ಷರ ಅಂದರೆ ನನ್ನ ಕಸುಬು. ಆದರೆ ಇದುವರೆಗೆ
ಮಾಡಿದ್ದೆಲ್ಲ ಕನ್ನಡಿಯೊಳಗಿನ ಅಕ್ಷರ,
ಕಾಗದದ ಮೇಲೆ ಬಿದ್ದಾಗ ಮಾತ್ರ ನೆಟ್ಟಗೆ.
ಇದನ್ನು ಯಾರೂ ಓದುವುದಿಲ್ಲ.
ಒಂದೇ ಒಂದು ಡಿ, ಹಗ್ಗದ ಹಾಗೆ ಎಳೆದದ್ದು.

ಪ್ಲಾಸ್ಟರ್ ಕಲಸಿ, ಸೀಳಿದ ಬಿದಿರುಕಡ್ಡಿ ಊರಿ ಅಚ್ಚು ತೆಗೆದೆ.
ಸ್ಟಾಂಪಿನ ರಬ್ಬರ್ ಇಟ್ಟಿಗೆ ಬಣ್ಣದ್ದು;
ದೀಪದ ಮಸಿ ಹಾಕಿ ರೊಟ್ಟಿ ಹಿಟ್ಟಿನಂತೆ ನಾದಿದೆ.
ಮೊದಲ ಪಟ್ಟಿ ಕಾವು ಹೆಚ್ಚಾಗಿ ಚಕ್ಕುಲಿ: ಬಾಗಿಸಿದರೆ ಲಟಕ್.
ಎರಡನೆಯದು ಬೆರಳು ಬಿಡದ ಬೆಲ್ಲದ ಪಾಕ.
ಮೂರನೆಯದಕ್ಕೆ ಗಡಿಯಾರ ನೋಡಲಿಲ್ಲ.
ಅಪ್ಪನ ಹಾಗೆ ಮೂಗಿನಲ್ಲಿ ಲೆಕ್ಕ ಹಾಕಿದೆ,
ಗಂಧಕದ ಘಾಟು ಇಳಿದು
ಮಂಡಕ್ಕಿ ಭಟ್ಟಿಯ ಹೊಗೆ ಮತ್ತೆ ಕಿಟಕಿಯಿಂದ ಒಳಬರುವ ತನಕ.
ತೆಗೆದು ಉಗುರೊತ್ತಿದೆ. ಗುರುತು ಕೂತಿತು.
ಒಂದು. ಎರಡು. ಮೂರು.
ಎದ್ದಿತು.

ಪಕ್ಕೆಗೆ ನೇತುಹಾಕುವ ಟೈರುಗಳಿಗೆ
ಮನೆಯ ಹಳೇ ಗ್ಯಾಸ್ ಪೈಪನ್ನು ಈರುಳ್ಳಿಯಂತೆ ಹೆಚ್ಚಿದೆ,
ಇಪ್ಪತ್ತಾರು ಬಿಲ್ಲೆ, ಒಂದೊಂದಕ್ಕೂ ಹೂ ಕಟ್ಟುವ ದಾರ.
ಮೂತಿಗೆ ಪಟ್ಟಿ ಅಂಟಿಸುವಾಗ ಬಾಗಿಸಿ ಹಿಡಿಯಲು
ನನ್ನೆರಡು ಕೈ ಸಾಲಲಿಲ್ಲ.
ಆಗ ಜೇಬಿನಿಂದ ಎಡಗೈ ಹೊರಬಂತು:
ಹೆಬ್ಬೆರಳು, ಕಿರುಬೆರಳು, ನಡುವೆ ನುಣ್ಣನೆಯ ಚರ್ಮ.
"ಅವತ್ತು ಒಂದು ಟೈರು ಹರಿದಿತ್ತು" ಅಂದರು.
ಮುಂದೆ ಹೇಳಲಿಲ್ಲ.
ನಾನು ಅಂಟಿನ ಡಬ್ಬಿಯ ಮುಚ್ಚಳ ಹುಡುಕಿದೆ,
ಅದು ಕಣ್ಣೆದುರೇ ಇತ್ತು.

ಕುಂದವಾಡ ಕೆರೆ. ವಾಕಿಂಗಿನವರು ನಿಂತು ನೋಡಿದರು.
ರಿಮೋಟಿನ ಕಡ್ಡಿ ಮುಂದೆ ತಳ್ಳಿದರು ಓಬಳೇಶಪ್ಪ.
ದೋಣಿ ಗುರ್ ಎಂದು ಬಂದು
ಮೆಟ್ಟಿಲ ಕಲ್ಲಿಗೆ ನೇರ ಮೂತಿ ಕೊಟ್ಟಿತು. ಒಬ್ಬ ಹುಡುಗ ಕಣ್ಣು ಮುಚ್ಚಿದ.
ಪಟ್ಟಿ ಮಣಿಯಿತು, ಕಲ್ಲನ್ನೊಮ್ಮೆ ಸವರಿ
ಒಂದು ಗೇಣು ಹಿಂದೆ ಸರಿಯಿತು.
"ಕೇಳಿಸ್ತೇನ್ರಿ?"
"ಇಲ್ಲ."
"ಹ್ಞಾಂ. ಇನ್ನೊಮ್ಮೆ ಬಿಡ್ತೀನಿ, ಸರಿಯಾಗಿ ಕೇಳ್ರಿ."

ಮಿಕ್ಕ ತುಂಡನ್ನು ಅಂಗಡಿಯ ಹೊಸ್ತಿಲಿಗೆ,
ಶಟರ್ ಬಂದು ಬಡಿಯುವ ಜಾಗಕ್ಕೆ, ಮೊಳೆ ಹೊಡೆದು ಕೂರಿಸಿದ್ದೇನೆ.
ಪಕ್ಕದ ಜೆರಾಕ್ಸಿನ ಮಂಜ್ಯಾನಾಯ್ಕ ಬೆಳಗ್ಗೆ ಕೇಳುತ್ತಾನೆ:
"ನಿನ್ನೆ ಯಾವಾಗ ಬಾಗಿಲು ಹಾಕಿದ್ರಿ ಸೀಲಕ್ಕ?
ಗೊತ್ತೇ ಆಗಲಿಲ್ಲ."